ಮೆಚ್ಚಿಸಲು ಒಲ್ಲದ ಡಾನ್

ಜಾನಿ ಡೆಪ್‌ನ ‘ಮಾರ್ಟ್‌ಡಿಕಾಯ್’ 2015ರ ಜನವರಿಯಲ್ಲಿ ಬಿಡುಗಡೆಯಾಗಿ ಮಕಾಡೆ ಮಲಗಿತು. ಸುಮಾರು 6 ಕೋಟಿ ಡಾಲರ್ ಸುರಿದು ಮಾಡಿದ ಈ ಹಾಸ್ಯಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು 5 ಕೋಟಿಗೂ ಕಡಿಮೆ. ಅದಕ್ಕೂ ಮುಂಚೆ 2013ರಲ್ಲಿ ಡಿಸ್ನಿಯವರ ಭಾರೀ ಬಜೆಟ್ಟಿನ ‘ದಿ ಲೋನ್ ರೇಂಜರ್’, 2014ರಲ್ಲಿ ‘ಟ್ರಾನ್ಸೆಂಡೆನ್ಸ್’ ಕೈಕೊಟ್ಟಿದ್ದವು. ಸೋಲು ಯಾವ ನಟನಿಗೂ ತಪ್ಪಿದ್ದಲ್ಲ. ನೋಡುಗರಿಗೆ ನಿಜಕ್ಕೂ ರೇಜಿಗೆ ಹುಟ್ಟಿಸಿದ್ದು ಆತನ ನಟನೆಯ ವರಸೆ: ಬಣ್ಣ ಬಳಿದ ಮುಖ, ತಲೆಯ ಮೇಲೊಂದು ವಿಚಿತ್ರ ವಸ್ತು, ನುಂಗಿ ನುಂಗಿ ಆಡುವ ಮಾತು, ನಡುನಡುವೆ ಕಣ್ಣರಳಿಸಿ ಒಂದು ಚೇಷ್ಟೆ. 2003ರಲ್ಲಿ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಚಿತ್ರದ ಜಾಕ್ ಸ್ಪ್ಯಾರೋ ಆಗಿ ಬಂದಾಗ ಇದೇ ವರಸೆ ಹೊಚ್ಚಹೊಸದೆನಿಸಿ ಆಸ್ಕರ್ ನಾಮನಿರ್ದೇಶನವನ್ನೂ ತಂದುಕೊಟ್ಟಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಹಳಸಿತ್ತು. ಇಂಥ ಹೊತ್ತಿನಲ್ಲಿ, ಅದೇ 2015ರ ಸೆಪ್ಟೆಂಬರ್‌ನಲ್ಲಿ, ಸ್ಕಾಟ್ ಕೂಪರ್ ನಿರ್ದೇಶನದ ‘ಬ್ಲ್ಯಾಕ್ ಮಾಸ್’ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಬಾಸ್ಟನ್ ನಗರದ ಕುಖ್ಯಾತ ಡಾನ್ ಜೇಮ್ಸ್ ‘ವೈಟಿ’ ಬಲ್ಜರ್‌ನ ಪಾತ್ರದಲ್ಲಿ ಡೆಪ್. ನೋಡಿದವರಲ್ಲಿ ಬಹುಪಾಲು ಜನ ಒಂದೇ ಮಾತು ಬರೆದರು: ಡೆಪ್ ಫಾರ್ಮ್‌ಗೆ ಮರಳಿದ.

ಆ ಮಾತು ಸುಳ್ಳಲ್ಲ, ಅದಕ್ಕೆ ಕೊಟ್ಟ ಕಾರಣ ಮಾತ್ರ ಸರಿಯಿಲ್ಲ. ವೇಷಗೀಷಗಳನ್ನೆಲ್ಲ ಕಿತ್ತೊಗೆದು ಡೆಪ್ ಕೊನೆಗೂ ಗಂಭೀರ ನಟನೆಗೆ ಇಳಿದ ಎಂಬುದು ಆಗ ಕೇಳಿಬಂದ ವಿವರಣೆ. ತೆರೆ ಹೇಳುವುದು ಬೇರೆ. ಈ ಚಿತ್ರದಲ್ಲೂ ಆತನ ಹಣೆ ನಡುತಲೆಯತ್ತ ಏರಿದೆ, ಇದ್ದಬದ್ದ ಕೂದಲನ್ನು ಹಿಂದಕ್ಕೆ ಬಾಚಿ ಅಂಟಿಸಲಾಗಿದೆ, ಕಂದುಗಣ್ಣುಗಳ ಮೇಲೆ ತಿಳಿನೀಲಿ ಲೆನ್ಸ್ ಕೂತಿದೆ. ಈ ಮೇಕಪ್ ಮಾಡಿದ ಜೋಯೆಲ್ ಹಾರ್ಲೋನೇ ‘ದಿ ಲೋನ್ ರೇಂಜರ್’ನಲ್ಲೂ ಡೆಪ್‌ನ ಮುಖಕ್ಕೆ ಬಿಳಿ ಬಣ್ಣ ಬಳಿದಿದ್ದವನು. ಸೋತ ಚಿತ್ರಕ್ಕೂ ಗೆದ್ದ ಚಿತ್ರಕ್ಕೂ ಬಣ್ಣ ಹಚ್ಚಿದ ಕೈ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಸ್ಪ್ಯಾರೋನಿಂದ ಮಾರ್ಟ್‌ಡಿಕಾಯ್‌ವರೆಗೆ ಡೆಪ್ ಬಣ್ಣದ ಹಿಂದೆ ನಿಂತು ನಮ್ಮನ್ನು ಮೆಚ್ಚಿಸಲು ಹೆಣಗುತ್ತಿದ್ದ. ಬಲ್ಜರ್ ಆಗಿ ಆತ ಮೆಚ್ಚಿಸಲು ಒಲ್ಲ. ನಮ್ಮ ಮೆಚ್ಚುಗೆ ತನಗೆ ಬೇಕಿಲ್ಲವೆಂಬಂತೆ ಕೂತಿದ್ದಾನೆ. ಆತನ ಮರುಗಳಿಕೆಯ ಗುಟ್ಟು ಇಲ್ಲಿದೆ. ಚಿತ್ರ ಎಡವುವುದೂ ಇದೇ ಕಲ್ಲಿಗೆ.

ಬಲ್ಜರ್ ಯಾರೆಂದು ತಿಳಿಯದೆ ಈ ಮಾತು ಹಿಡಿತಕ್ಕೆ ಸಿಗುವುದಿಲ್ಲ. 1929ರಲ್ಲಿ ಹುಟ್ಟಿದ ಈತ ಬೆಳೆದದ್ದು ದಕ್ಷಿಣ ಬಾಸ್ಟನ್‌ನಲ್ಲಿ, ಐರಿಷ್ ಮೂಲದ ಕಾರ್ಮಿಕ ಕುಟುಂಬಗಳ ಸರ್ಕಾರಿ ವಸತಿಗೃಹಗಳಲ್ಲಿ. ಬ್ಯಾಂಕ್ ದರೋಡೆಗಾಗಿ 1956ರಲ್ಲಿ ಜೈಲು ಸೇರಿದವನು ಅಲ್ಕಟ್ರಾಜ್ ದ್ವೀಪದ ಸೆರೆಮನೆಯನ್ನೂ ಕಂಡು 1965ರಲ್ಲಿ ಹೊರಬಂದ. ಆಮೇಲೆ ವಿಂಟರ್ ಹಿಲ್ ಎಂಬ ಗ್ಯಾಂಗಿನಲ್ಲಿ ಮೇಲೇರಿದ. ಹಫ್ತಾ ವಸೂಲಿ, ಮೀಟರ್ ಬಡ್ಡಿ, ಜೂಜಿನ ದಂಧೆ, ಮಾದಕವಸ್ತು ಮಾರುವವರಿಂದ ಪಾಲು, ಅಡ್ಡ ಬಂದವರ ಕೊಲೆ. ವಿಚಿತ್ರವೆಂದರೆ ಇವನ ತಮ್ಮ ವಿಲಿಯಂ ಬಲ್ಜರ್ 1978ರಿಂದ 1996ರವರೆಗೆ ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟ್ ಅಧ್ಯಕ್ಷ. ಆ ಬಳಿಕ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮುಖ್ಯಸ್ಥ. ಅಣ್ಣ ಬೀದಿ ಆಳಿದ, ತಮ್ಮ ಸದನ ಆಳಿದ. ಚಿತ್ರದಲ್ಲಿ ಈ ತಮ್ಮನ ಪಾತ್ರ ಬೆನೆಡಿಕ್ಟ್ ಕಂಬರ್‌ಬ್ಯಾಚ್‌ನದು. ಅಂಥ ನಟನಿಗೆ ಮಾಡಲು ಹೆಚ್ಚಿನ ಕೆಲಸವನ್ನೇನೂ ಕೊಟ್ಟಿಲ್ಲ ಎಂಬುದು ಬೇರೆ ಮಾತು.

ಇಷ್ಟೇ ಆಗಿದ್ದರೆ ಬಲ್ಜರ್ ಅಮೆರಿಕದ ನೂರು ಗ್ಯಾಂಗ್‌ಸ್ಟರ್‌ಗಳಲ್ಲಿ ಒಬ್ಬನಾಗಿ ಉಳಿಯುತ್ತಿದ್ದ. ಅವನ ಕತೆಯನ್ನು ಬೇರೆ ಮಾಡುವುದು 1975ರಲ್ಲಿ ತೆರೆದ ಒಂದು ಕಡತ. ಆ ವರ್ಷ ಎಫ್‌ಬಿಐ ಬಲ್ಜರ್‌ನನ್ನು ತನ್ನ ಬಾತ್ಮೀದಾರನೆಂದು ದಾಖಲಿಸಿಕೊಂಡಿತು. ಅವನನ್ನು ಕರೆತಂದ ಅಧಿಕಾರಿ ಜಾನ್ ಕಾನಲಿ, ಅದೇ ದಕ್ಷಿಣ ಬಾಸ್ಟನ್‌ನಲ್ಲಿ ಬೆಳೆದವನು, ಚಿಕ್ಕಂದಿನಿಂದ ಬಲ್ಜರ್‌ನನ್ನು ಬೆರಗಿನಿಂದ ನೋಡಿದವನು. ನಗರದ ಇಟಾಲಿಯನ್ ಮಾಫಿಯಾವನ್ನು ಮುಗಿಸಲು ಐರಿಷ್ ಡಾನ್‌ನ ಮಾಹಿತಿ ಬೇಕು ಎಂಬುದು ಲೆಕ್ಕಾಚಾರ. ಮಾಫಿಯಾ ಮುಗಿಯಿತು ಎನ್ನಿ. ಅದರ ಮುಖಂಡ ಜೆನಾರೊ ಆಂಜುಲೊನ ಅಡ್ಡೆಯಲ್ಲಿ 1981ರಲ್ಲಿ ಗುಪ್ತ ಮೈಕ್ ಇಟ್ಟು, 1983ರಲ್ಲಿ ಅವನನ್ನು ಹಿಡಿದರು. ಆದರೆ ಖಾಲಿಯಾದ ಜಾಗದಲ್ಲಿ ಬಲ್ಜರ್ ಇನ್ನಷ್ಟು ಹರಡಿಕೊಂಡ. ಬಲ್ಜರ್ ಕೊಟ್ಟ ಮಾಹಿತಿ ಅಷ್ಟೇನೂ ತೂಕದ್ದಲ್ಲ, ಹೆಚ್ಚಿನದು ಅವನ ಜೊತೆಗಾರ ಸ್ಟೀವ್ ಫ್ಲೆಮಿಯದು ಎಂಬುದು ಮುಂದೆ ನ್ಯಾಯಾಲಯದ ವಿಚಾರಣೆಗಳಲ್ಲಿ ಹೊರಬಿತ್ತು. ಮಾಹಿತಿ ಹರಿದದ್ದು ಎದುರು ದಿಕ್ಕಿಗೆ. ಬಲ್ಜರ್ ವಿರುದ್ಧ ಬಾಯಿಬಿಡಲು ಬ್ರಯಾನ್ ಹ್ಯಾಲೊರನ್ ಎಂಬವನು ಎಫ್‌ಬಿಐ ಬಾಗಿಲಿಗೆ ಬಂದಾಗ ಆ ಸುದ್ದಿ ಬಲ್ಜರ್‌ಗೆ ತಲುಪಿತು. 1982ರ ಮೇ ತಿಂಗಳಲ್ಲಿ ಅವನನ್ನು ಬೀದಿಯಲ್ಲೇ ಗುಂಡಿಟ್ಟು ಕೊಂದರು. ಅವನನ್ನು ಮನೆಗೆ ಬಿಡಲು ಕಾರು ಓಡಿಸುತ್ತಿದ್ದ, ಈ ಲೋಕಕ್ಕೆ ಸಂಬಂಧವೇ ಇಲ್ಲದ ಒಬ್ಬ ಲಾರಿ ಚಾಲಕನೂ ಜೊತೆಗೆ ಸತ್ತ. ಬಲ್ಜರ್‌ಗೂ ಎಫ್‌ಬಿಐಗೂ ಇರುವ ನಂಟನ್ನು ‘ಬಾಸ್ಟನ್ ಗ್ಲೋಬ್’ ಪತ್ರಿಕೆ 1988ರಲ್ಲೇ ಬಯಲಿಗೆಳೆದರೂ ದಂಧೆ ನಿಲ್ಲಲಿಲ್ಲ. 1994ರ ಕೊನೆಗೆ, ಬಂಧನ ಹತ್ತಿರವಾಗಿದೆ ಎಂದು ಕಾನಲಿ ಮುಂಚಿತವಾಗಿ ತಿಳಿಸಿದ್ದರಿಂದಲೇ ಅವನು ಊರು ಬಿಟ್ಟ. ಅದೇ ಪತ್ರಿಕೆಯ ಡಿಕ್ ಲೇರ್ ಮತ್ತು ಜೆರಾರ್ಡ್ ಓನೀಲ್ ಬರೆದ ಪುಸ್ತಕ ಈ ಚಿತ್ರಕ್ಕೆ ಆಧಾರ.

ಈಗ ನಟನೆಗೆ ಬರೋಣ. ಚಿತ್ರ ನೋಡಿದವರು ಮರೆಯದ ಒಂದು ದೃಶ್ಯವಿದೆ. ಕಾನಲಿಯ ಮನೆಯಲ್ಲಿ ಊಟ. ಬಲ್ಜರ್, ಫ್ಲೆಮಿ, ಕಾನಲಿ, ಜೊತೆಗೆ ಕಾನಲಿಯ ಮೇಲಧಿಕಾರಿ ಜಾನ್ ಮಾರಿಸ್. ಮಾಂಸದ ಅಡುಗೆ ಬಲ್ಜರ್‌ಗೆ ತುಂಬ ಹಿಡಿಸಿದೆ. ಇದಕ್ಕೆ ಏನು ಹಾಕಿ ನೆನೆಸಿಟ್ಟೆ ಎಂದು ಮಾರಿಸ್‌ನನ್ನು ಕೇಳುತ್ತಾನೆ. ಅದು ನಮ್ಮ ಮನೆತನದ ಗುಟ್ಟು ಎಂದು ಮಾರಿಸ್ ನಗುತ್ತಾನೆ. ಬಲ್ಜರ್ ಇನ್ನೊಮ್ಮೆ ಕೇಳುತ್ತಾನೆ, ಮತ್ತೂ ಒಮ್ಮೆ. ಮಾರಿಸ್ ಹೇಳಿಬಿಡುತ್ತಾನೆ: ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಸೋಯಾ ಸಾಸ್. ಅಲ್ಲಿಗೆ ಬಲ್ಜರ್‌ನ ಮುಖದ ಮೇಲಿದ್ದ ನಗು ಎಲ್ಲಿಗೆ ಹೋಯಿತೆಂದು ಗೊತ್ತಾಗುವುದಿಲ್ಲ. ಮನೆತನದ ಗುಟ್ಟನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುವವನು ನಾಳೆ ನನ್ನ ಗುಟ್ಟನ್ನು ಉಳಿಸುತ್ತಾನೆಯೇ ಎಂಬ ಧಾಟಿಯಲ್ಲಿ ಮಾತು ತಿರುಗುತ್ತದೆ. ಮೇಜಿನ ಸುತ್ತ ಉಸಿರು ನಿಲ್ಲುತ್ತದೆ. ಆಮೇಲೆ ತಮಾಷೆ ಮಾಡಿದೆ ಮಾರಾಯ ಎಂಬಂತೆ ನಕ್ಕುಬಿಡುತ್ತಾನೆ. ಸ್ಕಾರ್ಸೆಸಿಯ ‘ಗುಡ್‌ಫೆಲಾಸ್’ನಲ್ಲಿ ಜೋ ಪೆಷಿ ಮಾಡಿದ ಪ್ರಸಿದ್ಧ ದೃಶ್ಯದ ಸಾಲ ಇಲ್ಲಿದೆ, ಅದನ್ನು ಮುಚ್ಚಿಡಲಾಗದು. ಆದರೆ ಪೆಷಿಯದು ಸಿಡಿಮದ್ದು. ತಮಾಷೆ ಮುಗಿದ ಮೇಲೂ ಅವನ ಮೈಯಲ್ಲಿ ಬಿಸಿ ಆರುವುದಿಲ್ಲ. ಡೆಪ್ ಇಲ್ಲಿ ಮೈಯನ್ನೇ ಬಳಸುವುದಿಲ್ಲ. ಭುಜ ಅಲುಗದು, ದನಿ ಏರದು. ಕೇಳುತ್ತಾನೆ, ಉತ್ತರಕ್ಕೆ ಕಾಯುತ್ತಾನೆ, ಎದುರಿನವನ ಬಾಯಿಂದ ಬಂದದ್ದನ್ನು ತೂಗುತ್ತಾನೆ.

ದೃಶ್ಯ ಅಲ್ಲಿಗೆ ಮುಗಿಯುವುದಿಲ್ಲ. ಕಾನಲಿಯ ಹೆಂಡತಿ ಮರಿಯಾನ್ ಹುಷಾರಿಲ್ಲವೆಂದು ನೆವ ಹೇಳಿ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾಳೆ. ಇಂಥವನ ಜೊತೆ ಊಟಕ್ಕೆ ಕೂರಲು ಆಕೆಗೆ ಮನಸ್ಸಿಲ್ಲ. ಬಲ್ಜರ್ ಮೇಲೆ ಹೋಗಿ ಬಾಗಿಲು ತಟ್ಟುತ್ತಾನೆ. ಜ್ವರವೇನಾದರೂ ಇದೆಯೇ ನೋಡುತ್ತೇನೆಂದು ಆಕೆಯ ಹಣೆ ಮುಟ್ಟುತ್ತಾನೆ, ಕೈ ಕೆನ್ನೆಗೆ ಇಳಿಯುತ್ತದೆ, ಅಲ್ಲಿಂದ ಕುತ್ತಿಗೆಗೆ. ಮಾತೆಲ್ಲ ಕಾಳಜಿಯದೇ. ಒಂದು ಬೈಗುಳವಿಲ್ಲ, ಒಂದು ಬೆದರಿಕೆಯಿಲ್ಲ. ಮರಿಯಾನ್ ಪಾತ್ರದ ಜೂಲಿಯಾನ್ ನಿಕೋಲ್ಸನ್ ಕದಲದೆ ನಿಂತಿರುತ್ತಾಳೆ. ಇಡೀ ಚಿತ್ರದಲ್ಲಿ ಎಷ್ಟೋ ಹೆಣಗಳು ಬೀಳುತ್ತವೆ, ಯಾವುದೂ ಈ ಎರಡು ನಿಮಿಷದಷ್ಟು ಕಾಡುವುದಿಲ್ಲ. ಹತ್ತು ವರ್ಷ ಕೈಕಾಲು ಆಡಿಸುತ್ತ, ಹುಬ್ಬು ಕುಣಿಸುತ್ತ ಬಂದ ನಟ ಇಲ್ಲಿ ಒಂದು ಕೈಯನ್ನು ನಿಧಾನವಾಗಿ ಕೆಳಗಿಳಿಸುವುದರಲ್ಲಿ ಎಲ್ಲವನ್ನೂ ಹೇಳುತ್ತಾನೆ. ಮರಳಿದ್ದು ಏನು ಎಂದು ಕೇಳಿದರೆ ಬೆರಳು ತೋರಬೇಕಾದ ಜಾಗ ಇದು.

ಡೆಪ್ ಗ್ಯಾಂಗ್‌ಸ್ಟರ್ ಪಾತ್ರ ಮಾಡಿದ್ದು ಇದೇ ಮೊದಲಲ್ಲವಲ್ಲ, ಇದರಲ್ಲಿ ಹೊಸದೇನು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 2001ರ ‘ಬ್ಲೋ’ದಲ್ಲಿ ಕೊಕೇನ್ ಸಾಗಿಸುತ್ತಿದ್ದ ಜಾರ್ಜ್ ಯಂಗ್ ಆಗಿದ್ದ; 2009ರಲ್ಲಿ ಮೈಕಲ್ ಮನ್ ನಿರ್ದೇಶನದ ‘ಪಬ್ಲಿಕ್ ಎನಿಮೀಸ್’ನಲ್ಲಿ 1930ರ ದಶಕದ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್ ಆಗಿದ್ದ. ಇಬ್ಬರೂ ನಿಜ ವ್ಯಕ್ತಿಗಳೇ. ಆದರೆ ಆ ಎರಡು ಪಾತ್ರಗಳಲ್ಲೂ ಡೆಪ್ ನಮ್ಮ ಅನುಕಂಪವನ್ನು ಬೇಡುತ್ತಾನೆ. ಯಂಗ್ ಮಗಳಿಗಾಗಿ ಹಂಬಲಿಸುವ ಸೋತ ಅಪ್ಪ, ಡಿಲಿಂಜರ್ ಪ್ರೇಯಸಿಗಾಗಿ ಜೀವ ಬಿಡಬಲ್ಲ ರಸಿಕ. ಬಲ್ಜರ್‌ಗೂ ಅಂಥ ಅವಕಾಶಗಳು ಚಿತ್ರಕತೆಯಲ್ಲಿವೆ. ಅವನ ಆರು ವರ್ಷದ ಮಗ ಕಾಯಿಲೆಯಿಂದ ಸಾಯುತ್ತಾನೆ. ಅವನು ಮುದಿ ತಾಯಿಯ ಜೊತೆ ಇಸ್ಪೀಟು ಆಡುತ್ತಾನೆ. ಬೇರೆ ನಟನಾಗಿದ್ದರೆ, ಹಿಂದಿನ ಡೆಪ್ ಆಗಿದ್ದರೂ, ಇಲ್ಲಿ ಕಣ್ಣಂಚು ಒದ್ದೆ ಮಾಡಿಕೊಂಡು ನಮ್ಮನ್ನು ಕರಗಿಸಿಬಿಡುತ್ತಿದ್ದ. ಈ ಡೆಪ್ ದುಃಖವನ್ನೂ ಸಿಟ್ಟಾಗಿಯೇ ಹೊರಹಾಕುತ್ತಾನೆ. ಮಗ ಬದುಕಿದ್ದಾಗಿನ ಒಂದು ತಿಂಡಿಯ ದೃಶ್ಯದಲ್ಲಿ, ಶಾಲೆಯಲ್ಲಿ ಇನ್ನೊಬ್ಬ ಹುಡುಗನಿಗೆ ಹೊಡೆದು ಬಂದ ಮಗನಿಗೆ ಇವನು ಕೊಡುವ ಬುದ್ಧಿವಾದ, ಹೊಡೆದದ್ದು ತಪ್ಪಲ್ಲ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಹೊಡೆದದ್ದು ತಪ್ಪು ಎಂದು. ಅಪ್ಪನ ಪ್ರೀತಿಯೂ ಅಪರಾಧದ ಪಾಠವೂ ಒಂದೇ ಉಸಿರಿನಲ್ಲಿ, ಎರಡಕ್ಕೂ ಒಂದೇ ಮುಖಭಾವ.

ಈ ಬಿಗಿ ಡೆಪ್‌ನಲ್ಲಿ ಮೊದಲೂ ಇತ್ತು ಎಂಬುದಕ್ಕೆ 1997ರ ‘ಡಾನಿ ಬ್ರಾಸ್ಕೊ’ ಸಾಕ್ಷಿ. ಮಾರುವೇಷದಲ್ಲಿ ನ್ಯೂಯಾರ್ಕ್ ಮಾಫಿಯಾದೊಳಗೆ ಸೇರಿಕೊಂಡ ಎಫ್‌ಬಿಐ ಅಧಿಕಾರಿ ಜೋಸೆಫ್ ಪಿಸ್ಟೋನ್‌ನ ನಿಜಕತೆ ಅದು. ಅಲ್ಲಿ ಮಾತೆಲ್ಲ ಅಲ್ ಪಚಿನೊನದು. ಡೆಪ್‌ನ ಕೆಲಸ ಕೇಳಿಸಿಕೊಳ್ಳುವುದು, ಕೇಳಿದ್ದನ್ನು ಮುಖದಲ್ಲಿ ತೋರಗೊಡದಿರುವುದು. ಎರಡು ಚಿತ್ರಗಳನ್ನು ಒತ್ತಟ್ಟಿಗಿಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. 1997ರಲ್ಲಿ ಆತ ಡಾನ್‌ಗಳ ಸ್ನೇಹದಲ್ಲಿ ತನ್ನನ್ನೇ ಕಳೆದುಕೊಳ್ಳುವ ಎಫ್‌ಬಿಐ ಅಧಿಕಾರಿ. 18 ವರ್ಷಗಳ ನಂತರ, ಎಫ್‌ಬಿಐ ಅಧಿಕಾರಿಯೊಬ್ಬ ಯಾರ ಸ್ನೇಹದಲ್ಲಿ ತನ್ನನ್ನು ಕಳೆದುಕೊಳ್ಳುತ್ತಾನೋ ಆ ಡಾನ್. ಕನ್ನಡಿಯ ಆಚೆ ಬದಿಗೆ ಹೋಗಿ ಕೂತಂತೆ. ಆಗಿನ ಡೆಪ್ ಮನಸ್ಸಿನ ಹೊಯ್ದಾಟವನ್ನು ಬಚ್ಚಿಡುತ್ತಿದ್ದ, ಆದ್ದರಿಂದಲೇ ಅದು ನಮಗೆ ಕಾಣುತ್ತಿತ್ತು. ಈಗಿನವನು ಬಚ್ಚಿಡಲು ಏನಾದರೂ ಇದೆಯೇ ಎಂಬುದನ್ನೇ ಹೇಳುವುದಿಲ್ಲ.

ತೊಡಕು ಹುಟ್ಟುವುದು ಇಲ್ಲಿ. ಬಲ್ಜರ್ ಕತೆಯ ದೊಡ್ಡ ಒಗಟು ಬಲ್ಜರ್ ಅಲ್ಲ. ಕೊಲೆಗಾರರು ಎಲ್ಲ ಊರಲ್ಲೂ ಇದ್ದಾರೆ. ಪದವೀಧರ, ಸರ್ಕಾರಿ ನೌಕರಿಯವನು, ಹೆಂಡತಿ ಮನೆ ಮಠ ಇದ್ದ ಕಾನಲಿ ಒಬ್ಬ ಕೊಲೆಗಾರನಿಗಾಗಿ ಎಲ್ಲವನ್ನೂ ಪಣಕ್ಕಿಟ್ಟದ್ದು ಯಾಕೆ? ದಕ್ಷಿಣ ಬಾಸ್ಟನ್ ಎಂಬ ಇಡೀ ಬಡಾವಣೆ ಅವನನ್ನು ತಮ್ಮವನೆಂದು ವರ್ಷಗಟ್ಟಲೆ ಕಾಪಾಡಿದ್ದು ಯಾಕೆ? ಇದಕ್ಕೆ ಉತ್ತರ ಹಣ ಮಾತ್ರವಲ್ಲ, ಭಯವೂ ಮಾತ್ರವಲ್ಲ. ಹಬ್ಬಕ್ಕೆ ನೆರವಾಗುವ, ಮುದುಕಿಯರನ್ನು ನಿಂತು ಮಾತಾಡಿಸುವ, ಮಾದಕವಸ್ತು ನಮ್ಮ ಬೀದಿಗೆ ಬರದಂತೆ ಕಾಯುವವನು ಎಂಬ ಕತೆ ಬಲ್ಜರ್‌ನ ಸುತ್ತ ಬೆಳೆದಿತ್ತು. ಆ ಕತೆ ಸುಳ್ಳು, ಮಾದಕವಸ್ತುವಿನ ದುಡ್ಡಿನಲ್ಲಿ ಅವನಿಗೆ ದೊಡ್ಡ ಪಾಲಿತ್ತು. ಆದರೂ ಜನ ನಂಬಿದರು. 1974ರಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಬೆರೆಸಲು ನ್ಯಾಯಾಲಯ ಶಾಲಾ ಬಸ್‌ಗಳ ಆದೇಶ ಹೊರಡಿಸಿದಾಗ ಹೊರಗಿನವರ ವಿರುದ್ಧ ಮುಷ್ಟಿ ಬಿಗಿದ ಬಡಾವಣೆ ಅದು. ನಮ್ಮವನು ಎಂಬ ಒಂದು ಮಾತಿಗೆ ಅಲ್ಲಿ ಬಹಳ ಬೆಲೆ. ಕಾನಲಿಯೂ ಅದೇ ಮಣ್ಣಿನವನು. ಹುಡುಗನಾಗಿದ್ದಾಗ ಬಲ್ಜರ್ ತನಗೆ ಐಸ್‌ಕ್ರೀಂ ಕೊಡಿಸಿದ್ದನ್ನು ದೊಡ್ಡವನಾದ ಮೇಲೂ ಹೇಳಿಕೊಳ್ಳುತ್ತಿದ್ದ. ಡೆಪ್‌ನ ಬಲ್ಜರ್‌ನಲ್ಲಿ ಈ ಸೆಳೆತ ಕಾಣುವುದಿಲ್ಲ. ಮೊದಲ ದೃಶ್ಯದಿಂದಲೇ ಅವನ ಕಣ್ಣು ಹೆಣದ ಕಣ್ಣು. ಇಂಥವನನ್ನು ಕಂಡು ಯಾರಾದರೂ ಮನಸೋಲುತ್ತಾರೆಂದು ನಂಬುವುದು ಕಷ್ಟ. ಹಾಗಾಗಿ ಒಗಟನ್ನು ಬಿಡಿಸುವ ಭಾರವೆಲ್ಲ ಕಾನಲಿಯ ಪಾತ್ರ ಮಾಡಿದ ಜೋಯೆಲ್ ಎಡ್ಜರ್ಟನ್ ಮೇಲೆ ಬೀಳುತ್ತದೆ. ಅವನು ಅದನ್ನು ಚೆನ್ನಾಗಿಯೇ ಹೊರುತ್ತಾನೆ. ದಿನದಿಂದ ದಿನಕ್ಕೆ ಬಟ್ಟೆಗೆ ಮೆರುಗು ಬರುತ್ತದೆ, ನಡಿಗೆಯಲ್ಲಿ ಡಾನ್‌ನ ಠೀವಿ ಸೇರಿಕೊಳ್ಳುತ್ತದೆ. ಚಿತ್ರದ ನಿಜವಾದ ದುರಂತ ನಡೆಯುವುದು ಈ ಮನುಷ್ಯನ ಸೂಟಿನೊಳಗೆ. ಪೋಸ್ಟರ್ ಮೇಲೆ ಮಾತ್ರ ಇರುವುದು ಡೆಪ್‌ನ ಮುಖ.

ಕೊಲೆಗಾರನಿಗೆ ಸೆಳೆತ ತುಂಬಿದರೆ ಅವನನ್ನು ವೈಭವೀಕರಿಸಿದಂತಾಗುವುದಿಲ್ಲವೇ? ಸತ್ತವರ ಮಕ್ಕಳು, ಹೆಂಡಂದಿರು ಇನ್ನೂ ಅದೇ ನಗರದಲ್ಲಿರುವಾಗ ಈ ಆಕ್ಷೇಪಕ್ಕೆ ತೂಕವಿದೆ. ಕೂಪರ್ ಮತ್ತು ಡೆಪ್ ಅದಕ್ಕೆ ಹೆದರಿಯೇ ಈ ಹಾದಿ ಹಿಡಿದಿರಲಿಕ್ಕೂ ಸಾಕು. 2006ರ ‘ದಿ ಡಿಪಾರ್ಟೆಡ್’ನಲ್ಲಿ ಬಲ್ಜರ್‌ನನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಪಾತ್ರವನ್ನು ಜ್ಯಾಕ್ ನಿಕೋಲ್ಸನ್ ಅಬ್ಬರಿಸಿ ಆಡಿದ್ದ, ನೋಡುಗರು ಅವನ ಪ್ರತಿ ಮಾತಿಗೂ ನಕ್ಕರು. ಅಂಥ ರಂಜನೆ ಇಲ್ಲಿ ಬೇಡವೆಂದದ್ದು ಸರಿಯಾದ ತೀರ್ಮಾನ. ಆದರೆ ರಂಜನೆ ಬೇರೆ, ವಿಶ್ವಾಸ ಗಳಿಸುವ ಕಲೆ ಬೇರೆ. ಒಬ್ಬ ವಂಚಕ ಜನರ ಮನಸ್ಸನ್ನು ಹೇಗೆ ಹಿಡಿದ ಎಂದು ತೋರಿಸಿದರೆ ಅವನಿಗೆ ಹಾರ ಹಾಕಿದಂತಲ್ಲ, ಮುಂದಿನವನನ್ನು ಗುರುತಿಸುವ ಕಣ್ಣು ಕೊಟ್ಟಂತೆ. ಊಟದ ದೃಶ್ಯದಲ್ಲಿ ಇದು ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಬಲ್ಜರ್ ಮೊದಲು ಆತ್ಮೀಯ, ಆಮೇಲೆ ಭಯಾನಕ. ಉಳಿದೆಡೆ ಮೊದಲಿಗೇ ಭಯಾನಕ. ಅಗ್ನಿ ಶ್ರೀಧರ್ ಅವರ ಆತ್ಮಕಥನದಿಂದ ಬಂದ ನಮ್ಮ ‘ಆ ದಿನಗಳು’ (2007) ಈ ವಿಷಯದಲ್ಲಿ ಜಾಣ ಚಿತ್ರ: ಡಾನ್‌ಗಳಾದ ಜಯರಾಜ್, ಕೊತ್ವಾಲ್ ರಾಮಚಂದ್ರರ ಬೆಂಗಳೂರನ್ನು ಅದು ಅವರ ಕಣ್ಣಿಂದಲ್ಲ, ಅವರ ನೆರಳಿಗೆ ಬಂದು ಸಿಕ್ಕಿಕೊಂಡವರ ಕಣ್ಣಿಂದ ತೋರಿಸಿತು.

ಇತಿಹಾಸದ ಪ್ರಶ್ನೆಯೂ ಇದೆ. ಬಲ್ಜರ್‌ನ ಬಲಗೈಯಾಗಿದ್ದು ಮುಂದೆ ಸರ್ಕಾರದ ಪರ ಸಾಕ್ಷಿ ಹೇಳಿದ ಕೆವಿನ್ ವೀಕ್ಸ್ ಈ ಚಿತ್ರ ಕಟ್ಟುಕತೆಯೆಂದು ಬಹಿರಂಗವಾಗಿ ಹೇಳಿದ. ತಮ್ಮ ಬಗ್ಗೆ ತಾವೇ ಸಾಕ್ಷಿಯಾದ ಇಂಥವರ ಮಾತನ್ನು ಎಷ್ಟು ನಂಬಬೇಕೆಂಬುದು ಓದುಗರಿಗೆ ಬಿಟ್ಟದ್ದು. ನನ್ನ ತಕರಾರು ಬೇರೆ. 16 ವರ್ಷ ಬಲ್ಜರ್ ಜೊತೆ ತಲೆಮರೆಸಿಕೊಂಡಿದ್ದ ಕ್ಯಾಥರಿನ್ ಗ್ರೇಗ್‌ಳ ಪಾತ್ರಕ್ಕೆ ಸಿಯೆನಾ ಮಿಲ್ಲರ್ ನಟಿಸಿದ್ದಳು. ಸಂಕಲನದಲ್ಲಿ ಆ ಪಾತ್ರವನ್ನೇ ಕತ್ತರಿಸಿದರು. ಎಫ್‌ಬಿಐನ ಮೇಲಿನ ಹಂತಗಳಲ್ಲಿ ಯಾರಿಗೆ ಏನು ಗೊತ್ತಿತ್ತು ಎಂಬ ಪ್ರಶ್ನೆ ಒಂದೆರಡು ಸಭೆಗಳಲ್ಲಿ ಮುಗಿದುಹೋಗುತ್ತದೆ. ಎರಡು ಗಂಟೆಯ ಸಿನಿಮಾ ನ್ಯಾಯಾಲಯದ ಕಡತವಾಗಬೇಕಿಲ್ಲ, ಆಯ್ಕೆ ಅನಿವಾರ್ಯ ಎನ್ನುವವರಿದ್ದಾರೆ. ಒಪ್ಪಿದೆ. ಆದರೆ ಏನನ್ನು ಆಯ್ದುಕೊಂಡರು ಎಂಬುದರಿಂದಲೇ ಚಿತ್ರದ ಮನಸ್ಸು ಗೊತ್ತಾಗುವುದು. ಹಿಂದಿನ ವರ್ಷವಷ್ಟೇ ಬಂದಿದ್ದ ಜೋ ಬರ್ಲಿಂಜರ್‌ನ ಸಾಕ್ಷ್ಯಚಿತ್ರ ಬಲ್ಜರ್‌ನ ವಿಚಾರಣೆಯನ್ನೇ ಹಿಡಿದು ಸರ್ಕಾರಕ್ಕೆ ಪ್ರಶ್ನೆ ಕೇಳಿತ್ತು. ‘ಬ್ಲ್ಯಾಕ್ ಮಾಸ್’ಗೆ ಒಬ್ಬ ತಾರೆಯ ಮರುಪ್ರವೇಶವನ್ನು ನಡೆಸಿಕೊಡುವ ಜವಾಬ್ದಾರಿ ಇತ್ತು. ಕ್ಯಾಮೆರಾ ಸಂಸ್ಥೆಯತ್ತ ತಿರುಗಬೇಕಾದಾಗಲೆಲ್ಲ ಆ ನೀಲಿಗಣ್ಣಿನತ್ತ ತಿರುಗಿತು.

ಆ ಮರುಪ್ರವೇಶವಾದರೂ ಉಳಿಯಿತೇ? ಸುಮಾರು 10 ಕೋಟಿ ಡಾಲರ್ ಗಳಿಸಿ ಚಿತ್ರ ಮಾನ ಉಳಿಸಿಕೊಂಡಿತು. ಅಮೆರಿಕದ ನಟರ ಸಂಘದ ಪ್ರಶಸ್ತಿಗೆ ಡೆಪ್ ನಾಮನಿರ್ದೇಶನಗೊಂಡ, ಆಸ್ಕರ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮರುವರ್ಷವೇ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ನ ಎರಡನೆಯ ಭಾಗದಲ್ಲಿ ಮತ್ತೆ ಅದೇ ಟೋಪಿ, 2017ರಲ್ಲಿ ಮತ್ತೆ ಅದೇ ಕಡಲ್ಗಳ್ಳ. ಆಮೇಲಿನ ವರ್ಷಗಳಲ್ಲಿ ಆತ ತೆರೆಗಿಂತ ಹೆಚ್ಚು ಕಂಡದ್ದು ಕೋರ್ಟಿನಲ್ಲಿ. ಫಾರ್ಮ್ ಕೈತಪ್ಪಿತು ಎನ್ನುವುದಕ್ಕೆ ಇಷ್ಟು ಸಾಕೆನ್ನಬಹುದು. ಆದರೆ 2020ರಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ‘ಮಿನಮಾಟಾ’ವನ್ನು ಮರೆಯಬಾರದು. ಜಪಾನಿನ ಮೀನುಗಾರರ ಊರಿನಲ್ಲಿ ಪಾದರಸದ ವಿಷಕ್ಕೆ ತುತ್ತಾದವರ ಚಿತ್ರ ತೆಗೆದ ಛಾಯಾಗ್ರಾಹಕ ಯೂಜೀನ್ ಸ್ಮಿತ್ ಆಗಿ ಡೆಪ್ ಅಲ್ಲಿ ಗಡ್ಡದ ಮರೆಯಲ್ಲಿ ಕೂತು ಸುಮ್ಮನೆ ನೋಡುತ್ತಾನೆ. ಬಲ್ಜರ್‌ನಲ್ಲಿ ಕಂಡ ಅದೇ ಸಂಯಮ, ಈ ಸಲ ಒಳ್ಳೆಯತನದ ಸೇವೆಗೆ. 2023ರಲ್ಲಿ ಫ್ರೆಂಚ್ ಚಿತ್ರ ‘ಜಾನ್ ದ್ಯು ಬಾರಿ’ಯಲ್ಲಿ ದೊರೆ ಹದಿನೈದನೇ ಲೂಯಿ ಆಗಿ ಕಾನ್ ಉತ್ಸವಕ್ಕೆ ಬಂದಾಗ ಪತ್ರಿಕೆಗಳು ಮತ್ತೊಮ್ಮೆ ಮರುಪ್ರವೇಶದ ಮಾತೆತ್ತಿದವು. ನಾನು ಎಲ್ಲಿಗೂ ಹೋಗಿರಲಿಲ್ಲವಲ್ಲ ಎಂಬರ್ಥದ ಉತ್ತರ ಕೊಟ್ಟ. ಒಳ್ಳೆಯ ನಟನೆ ಆತನಲ್ಲಿ ಯಾವಾಗಲೂ ಇತ್ತು. ಅದನ್ನು ಕೇಳುವ ಪಾತ್ರಗಳು ವಿರಳವಾಗಿದ್ದವು, ಕೆಲವೊಮ್ಮೆ ಆತನಿಗೇ ಬೇಕಿರಲಿಲ್ಲ.

‘ಬ್ಲ್ಯಾಕ್ ಮಾಸ್’ ಕೇಳಿದ್ದು ಅರ್ಧವನ್ನು ಮಾತ್ರ. 2011ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ, ಚಾರ್ಲ್ಸ್ ಗ್ಯಾಸ್ಕೊ ಎಂಬ ಸುಳ್ಳು ಹೆಸರಿನಲ್ಲಿ ಬದುಕುತ್ತಿದ್ದ 81ರ ಮುದುಕನನ್ನು ಹಿಡಿಯುವಲ್ಲಿಗೆ ಚಿತ್ರ ಮುಗಿದು, ಉಳಿದದ್ದು ಅಕ್ಷರಗಳಲ್ಲಿ ಓಡುತ್ತದೆ. ಗೋಡೆಗಳೊಳಗೆ ಬಂದೂಕುಗಳೂ 8 ಲಕ್ಷ ಡಾಲರಿಗೂ ಹೆಚ್ಚು ನಗದೂ ಸಿಕ್ಕಿದ್ದ ಆ ಫ್ಲಾಟಿನ ಜೀವನ ತೆರೆಗೆ ಬರುವುದಿಲ್ಲ. 2013ರ ವಿಚಾರಣೆಯೂ ಬರುವುದಿಲ್ಲ. ಆ ವಿಚಾರಣೆಯಲ್ಲಿ ಬಲ್ಜರ್‌ನ ವಕೀಲರು ಜೂಜು, ಬಡ್ಡಿ, ಮಾದಕವಸ್ತುವಿನ ದಂಧೆಯನ್ನು ಆರಂಭದಲ್ಲೇ ಒಪ್ಪಿಕೊಂಡರು. ನಮ್ಮ ಕಕ್ಷಿದಾರ ಬಾತ್ಮೀದಾರನಾಗಿದ್ದ ಎಂಬುದನ್ನು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ವೀಕ್ಸ್ ಸಾಕ್ಷಿ ಹೇಳಲು ಬಂದಾಗ ಅವನೂ ಬಲ್ಜರ್‌ನೂ ತುಂಬಿದ ಕೋರ್ಟಿನಲ್ಲಿ ಒಬ್ಬರಿಗೊಬ್ಬರು ಬೈದಾಡಿಕೊಂಡರು. 20 ಕೊಲೆ ಒಪ್ಪಿಕೊಂಡು 12 ವರ್ಷದಲ್ಲಿ ಹೊರಬಂದಿದ್ದ, ಅದೇ ಗ್ಯಾಂಗಿನ ಜಾನ್ ಮಾರ್ಟೊರಾನೊ ಕೂಡ ಸಾಕ್ಷಿಕಟ್ಟೆಯಲ್ಲಿ ನಿಂತ. ತಾನು ಕಟಕಟೆ ಏರುವುದಿಲ್ಲ, ಈ ವಿಚಾರಣೆಯೇ ಬೂಟಾಟಿಕೆ ಎಂದು ಬಲ್ಜರ್ ನ್ಯಾಯಾಧೀಶರಿಗೆ ಹೇಳಿದ. ಆಗಸ್ಟ್ 12ರಂದು 32 ಆರೋಪಗಳಲ್ಲಿ 31 ಸಾಬೀತಾದವು, 11 ಕೊಲೆಗಳಲ್ಲಿ ಅವನ ಕೈವಾಡವಿತ್ತೆಂದು ಜ್ಯೂರಿ ತೀರ್ಮಾನಿಸಿತು. ಊಟದ ಮೇಜಿನಲ್ಲಿ ಬೆಳ್ಳುಳ್ಳಿಯ ಗುಟ್ಟು ಬಿಟ್ಟುಕೊಟ್ಟವನನ್ನು ಅಷ್ಟು ಹೊತ್ತು ನಡುಗಿಸಿದ ಮನುಷ್ಯ, ತನ್ನ ಗುಟ್ಟು ನೂರು ಸಾಕ್ಷ್ಯಗಳಲ್ಲಿ ಬಯಲಾಗುವುದನ್ನು ಕಟಕಟೆಯ ಈಚೆ ಕೂತು ಕೇಳಿಸಿಕೊಂಡ ವಾರಗಳವು. ಕೇಳಿಸಿಕೊಳ್ಳುವ ಪಾತ್ರದಲ್ಲಿ ಡೆಪ್‌ಗೆ ಸರಿಸಾಟಿ ಕಡಿಮೆ. ಕೂಪರ್ ಆ ಕೋರ್ಟಿಗೆ ಕ್ಯಾಮೆರಾ ಒಯ್ಯಲಿಲ್ಲ.